ಇನ್‌ವರ್ಡ್ ರೆಕ್ಟಿಫೈಯರ್‌ಗೆ ಕನ್ನಡದಲ್ಲಿ ಏನನ್ನೋಣ? ‘ಒಮ್ಮುಖ’ ಒಗ್ಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ತುಮಕೂರಿನಲ್ಲಿ ನರ್ಸಿಂಗ್ ಓದುವ ಮಕ್ಕಳಿಗೆ ಶರೀರಕ್ರಿಯೆಯ ಪಾಠ ಹೇಳುತ್ತೇನೆ. ಹೆಚ್ಚಿನವರು ಪಾವಗಡ, ಶಿರಾ, ಮಧುಗಿರಿ ಕಡೆಯವರು, ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರು. ಅವರಿಗೆಂದು ಕನ್ನಡದಲ್ಲೇ ನೋಟ್ಸ್ ಬರೆಯಲು ಕೂತರೆ ಒಂದು ಪದದ ಹತ್ತಿರ ಗಾಡಿ ನಿಂತುಬಿಟ್ಟಿದೆ: ಸ್ನಾಯುಕೋಶದ ಪೊರೆಯಲ್ಲಿರುವ ಇನ್‌ವರ್ಡ್ ರೆಕ್ಟಿಫೈಯರ್ ಪೊಟ್ಯಾಸಿಯಂ ಚಾನೆಲ್, ಅಂದರೆ ಪೊಟ್ಯಾಸಿಯಂ ಹಾಯುವ ಒಂದು ಪುಟ್ಟ ದಾರಿ.

ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ಸಾಧನವಾದ ರೆಕ್ಟಿಫೈಯರ್‌ಗೆ ಹಿಂದಿಯಲ್ಲಿ ‘ದಿಷ್ಟಕಾರಿ’ ಅನ್ನುತ್ತಾರೆ. ಅದನ್ನೇ ತಂದು ‘ಒಳಮುಖ ದಿಷ್ಟಕಾರಿ’ ಎಂದು ಬೋರ್ಡಿನ ಮೇಲೆ ಬರೆದೆ. ನಾಲ್ಕಾರು ಜನ ‘ದುಷ್ಟಕಾರಿ’ ಎಂದು ಬರೆದುಕೊಂಡರು. ಆಮೇಲೆ ‘ಒಮ್ಮುಖ ಕಾಲುವೆ’ ಎಂದೆ. ಇದು ಎಲ್ಲರಿಗೂ ಥಟ್ಟನೆ ಅರ್ಥವಾಯಿತು, ತಪ್ಪಾಗಿ.

ಯಾಕೆಂದರೆ ಈ ಚಾನೆಲ್ ಒಮ್ಮುಖವಲ್ಲ. ಪೊಟ್ಯಾಸಿಯಂ ಒಳಗೆ ಬರುವುದಕ್ಕೆ ದಾರಿ ಸಲೀಸು, ಹೊರಗೆ ಹೋಗುವುದಕ್ಕೆ ಬಿಗಿ, ಅಷ್ಟೇ. ತಮಾಷೆಯೆಂದರೆ ಸ್ನಾಯುವಿಗೆ ಬೇಕಾದದ್ದು ಆ ಬಿಗಿಯಲ್ಲೂ ಹೊರಗೆ ಜಿನುಗುವ ಚೂರು ಪೊಟ್ಯಾಸಿಯಮ್ಮೇ. ಪೊಟ್ಯಾಸಿಯಂ ಕೋಶದೊಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ರಕ್ತದಲ್ಲಿ 3.5ರಿಂದ 5. ಆ ಜಿನುಗಿನಿಂದಲೇ ಸ್ನಾಯು ಬಿಡುವಿನಲ್ಲಿ −90 ಮಿಲಿವೋಲ್ಟ್ ಆಸುಪಾಸಿನಲ್ಲಿ ನಿಂತಿರುತ್ತದೆ.

ಇದು ನನಗೇ ಸರಿಯಾಗಿ ತಲೆಗೆ ಹೋದದ್ದು ಮನೆಯ ಸಂಪಿನಿಂದ. ಹೋದ ಬೇಸಿಗೆಯಲ್ಲಿ ಮೋಟರ್ ಹಾಕಿದರೆ ಮೇಲಿನ ಟ್ಯಾಂಕಿಗೆ ನೀರು ದಾರದಷ್ಟು ಏರುತ್ತಿತ್ತು, ಆಫ್ ಮಾಡಿದರೆ ಟ್ಯಾಂಕಿನ ನೀರೆಲ್ಲ ಬುಳಬುಳನೆ ಸಂಪಿಗೇ ವಾಪಸ್. ರಿಪೇರಿಯವನು ಪೈಪ್ ಎತ್ತಿ ನೋಡಿ, “ವಾಲು ಹೋಗೈತೆ ಸಾರ್, ಸಾಲದ್ದಕ್ಕೆ ಪೈಪಿನ ಬಾಯಿಗೆ ಬಟ್ಟೆ ಬೇರೆ ಕಚ್ಕೊಂಡೈತೆ” ಅಂದ. ನೀರು ಮೇಲಕ್ಕೆ ಹೊರಟಾಗ ಬಟ್ಟೆಯೂ ಅದರ ಜೊತೆ ಬಂದು ಬಾಯಿ ಮುಚ್ಚುತ್ತದೆ. ನೀರು ಹಿಂದಕ್ಕೆ ನುಗ್ಗಿದಾಗ ಬಟ್ಟೆಯನ್ನು ತಳ್ಳಿ ದಾರಿ ಬಿಡಿಸುತ್ತದೆ. ಚಾನೆಲ್ಲಿನಲ್ಲೂ ಇದೇ: ಸಂಪು ಅಂದರೆ ಕೋಶದ ಒಳಗು, ಟ್ಯಾಂಕು ಅಂದರೆ ಹೊರಗು. ಕೋಶದೊಳಗಿನ ಮೆಗ್ನೀಸಿಯಂ ಮತ್ತು ಸ್ಪರ್ಮಿನ್ ಎಂಬ ಉದ್ದನೆಯ ಅಣು ಆ ಬಟ್ಟೆ. ಸ್ಪರ್ಮಿನ್ನಿನ ಪಾತ್ರ ಗೊತ್ತಾಗಿದ್ದು 1994ರಲ್ಲಿ.

ಹೊರಗೆ ಪೊಟ್ಯಾಸಿಯಂ ಹೆಚ್ಚಿದ್ದಷ್ಟೂ ಬಟ್ಟೆ ಸುಲಭವಾಗಿ ಸರಿಯುತ್ತದೆ, ಚಾನೆಲ್ ಹೆಚ್ಚು ಹರಿಯಗೊಡುತ್ತದೆ. ಕಮ್ಮಿಯಾದರೆ ಕಟ್ಟಿಕೊಳ್ಳುತ್ತದೆ. ಮಕ್ಕಳು ಎಡವುವುದು ಇಲ್ಲೇ. ಹೊರಗೆ ಪೊಟ್ಯಾಸಿಯಂ ಇಳಿದರೆ ಲೆಕ್ಕದ ಪ್ರಕಾರ ಪೊರೆಯ ವೋಲ್ಟೇಜ್ ಇನ್ನಷ್ಟು ಋಣಕ್ಕೆ (ಮೈನಸ್ ಕಡೆಗೆ) ಇಳಿಯಬೇಕು. ಆದರೆ ಆವರ್ತಕ ಪಾರ್ಶ್ವವಾಯು (ಪೀರಿಯಾಡಿಕ್ ಪ್ಯಾರಾಲಿಸಿಸ್, ಆಗಾಗ ಕೈಕಾಲು ಸೋತು ಮತ್ತೆ ಸರಿಹೋಗುವ ಕಾಯಿಲೆ) ಇರುವವರಲ್ಲಿ ಆ ಜಿನುಗೂ ಸಾಲದೆ, ಅದು ಮೇಲಕ್ಕೆ, −60ರ ಹತ್ತಿರಕ್ಕೆ ಜಾರುತ್ತದೆ. ಸೋಡಿಯಂ ಚಾನೆಲ್‌ಗಳು ಸುಮ್ಮನಾಗುತ್ತವೆ, ಸ್ನಾಯು ಅಲುಗುವುದಿಲ್ಲ. ರಾತ್ರಿ ಬೀಗರೂಟ ಗಡದ್ದಾಗಿ ಉಂಡು, ಅದರಿಂದ ರಕ್ತದ ಪೊಟ್ಯಾಸಿಯಂ ಇಳಿದವನು ಬೆಳಿಗ್ಗೆ “ಕಾಲೇ ಎತ್ತಕ್ಕಾಗ್ತಿಲ್ಲ” ಅನ್ನುವುದು ಹೀಗೆ. (‘ಪೊಟ್ಯಾಸಿಯಂ ಕಮ್ಮಿಯಾಗಿದೆ’ ಅಂದರೆ ಮನೆಯವರು ಪೊಟ್ಯಾಶ್ ಗೊಬ್ಬರದ ಮೂಟೆಯನ್ನೇ ನೆನೆಯುತ್ತಾರೆ. ಅದು ಬೇರೆ ಕಥೆ.)

ಇಂಗ್ಲಿಷ್ ಹೆಸರೂ ಹುಟ್ಟಿನಿಂದ ಬಂದದ್ದಲ್ಲ. 1949ರಲ್ಲಿ ವಿಜ್ಞಾನಿ ಬರ್ನಾರ್ಡ್ ಕಾಟ್ಜ್ ಕಪ್ಪೆಯ ಸ್ನಾಯುವಿನಲ್ಲಿ ಇದನ್ನು ಕಂಡಾಗ, ನರದಲ್ಲಿ ಗೊತ್ತಿದ್ದದ್ದಕ್ಕೆ ತಿರುಗಾಮುರುಗಾ ಇದ್ದುದರಿಂದ ‘ಅನಾಮಲಸ್’, ಅಂದರೆ ಪದ್ಧತಿ ತಪ್ಪಿದ್ದು ಎಂಬ ಹೆಸರು ಬಿತ್ತು. ಇಂಗ್ಲಿಷಿನವರೇ ಒಮ್ಮೆ ಹೆಸರು ಬದಲಿಸಿಕೊಂಡ ಮೇಲೆ ನಾವು ಪದಕ್ಕೆ ಪದ ಇಡಬೇಕೆಂದೇನಿಲ್ಲ.

ನನಗೆ ಹೊಳೆದದ್ದು ‘ಒಳವಾಲು ತೂಬು’. ಒಂದು ಕಡೆಗೆ ವಾಲಿದೆ, ಇನ್ನೊಂದು ಕಡೆ ಪೂರ್ತಿ ಮುಚ್ಚಿಲ್ಲ ಎಂಬುದು ‘ವಾಲು’ವಿನಲ್ಲಿ ಬರುತ್ತದೆ. ಕಾಲುವೆಗಿಂತ ತೂಬು ವಾಸಿ. ತೂಬಿಗೆ ಬಿರಡೆ ಇರುತ್ತದೆ, ಕಾಲುವೆಗಿಲ್ಲ. ತೊಡಕು ಒಂದೇ: ನಮ್ಮ ಕಡೆ ವಾಲ್ವ್‌ಗೂ ‘ವಾಲು’ ಅನ್ನುತ್ತಾರೆ. ಪಾಠದಲ್ಲಿ ಮೊದಲ ಬಾರಿ ಕೇಳಿದವರು ಒಳಗಿನ ವಾಲ್ವ್ ಎಂದುಕೊಂಡರೆ ಮತ್ತೆ ಒಮ್ಮುಖಕ್ಕೇ ಬಂದು ನಿಲ್ಲುತ್ತೇವೆ. ‘ಒಳಸಲೀಸು ತೂಬು’ ಎಂದೂ ಯೋಚಿಸಿದೆ, ಬಾಯಲ್ಲಿ ತಿರುಗುತ್ತಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕೆರೆ ಸೀಮೆಯವರು ಇಲ್ಲಿದ್ದೀರಿ. ಒಂದು ಕಡೆ ಧಾರಾಳವಾಗಿ ಬಿಟ್ಟು ಇನ್ನೊಂದು ಕಡೆ ಒಸರುವ ತೂಬಿಗೋ ಮಡೆಗೋ ನಿಮ್ಮಲ್ಲಿ ಬೇರೆ ಮಾತಿದೆಯೇ?