ದ್ವೀಪ ಕೈ ಬದಲಾದರೆ ಅಲ್ಲಿನ ಜನ ಯಾರ ಲೆಕ್ಕಕ್ಕೆ?

ಕೊಡಿಯಾಲ್‌ಬೈಲ್ ಹುಡುಗ:
ಡೆನ್ಮಾರ್ಕ್‌ಗೆ ಸೇರಿದ ಗ್ರೀನ್‌ಲ್ಯಾಂಡ್ ದ್ವೀಪ ಅಮೆರಿಕಕ್ಕೆ ಬೇಕು ಅಂತ ಟ್ರಂಪ್ 2019ರಲ್ಲೇ ಹೇಳಿದ್ದರು. ಎರಡನೇ ಸಲ ಗೆದ್ದ ಮೇಲೆ ಇನ್ನೂ ಜೋರಾಗಿ ಹೇಳುತ್ತಿದ್ದಾರೆ. ಎಲ್ಲರೂ ಬೈಯುತ್ತಿದ್ದಾರೆ, ನನಗೆ ಮಾತ್ರ ಇದರಲ್ಲಿ ಅರ್ಥ ಉಂಟು ಅನಿಸುತ್ತದೆ. ರಷ್ಯಾದಿಂದ ಅಮೆರಿಕಕ್ಕೆ ಕ್ಷಿಪಣಿ ಹೊರಟರೆ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದ. ಅವರ ಸಬ್‌ಮರೀನ್ ಅಟ್ಲಾಂಟಿಕ್‌ಗೆ ಇಳಿಯುವುದು ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಬ್ರಿಟನ್ ನಡುವಿನ ಸಂದಿಯಿಂದ. ಜಾಗ 21 ಲಕ್ಷ ಚದರ ಕಿ.ಮೀ.ಗೂ ಜಾಸ್ತಿ. ಜನ 57 ಸಾವಿರದ ಆಸುಪಾಸು, ನಮ್ಮ ಮಂಗಳೂರು ನಗರದ ಎಂಟನೇ ಒಂದು ಭಾಗವೂ ಇಲ್ಲ. ಡೆನ್ಮಾರ್ಕ್‌ನಂಥ ಸಣ್ಣ ದೇಶಕ್ಕೆ ಇದನ್ನು ಕಾಯಲು ಆಗುತ್ತದಾ? ಒಳ್ಳೆ ಬೆಲೆ ಕೊಟ್ಟು ತಗೊಂಡರೆ ತಪ್ಪೇನು?

ಉಡುಪಿ ವಕೀಲ:
ಕಾಯಲಿಕ್ಕೆ ಕೊಳ್ಳಲೇಬೇಕಾ? 1951ರ ಒಪ್ಪಂದದಲ್ಲೇ ಅಮೆರಿಕಕ್ಕೆ ಅಲ್ಲಿ ಬೇಸ್ (ಸೇನಾ ನೆಲೆ) ಕಟ್ಟುವ ಅವಕಾಶ ಉಂಟು. ಅಲ್ಲಿನ ಪಿಟುಫಿಕ್ ಬೇಸ್‌ನಲ್ಲಿ ಅವರ ರೇಡಾರ್ ಈಗಲೂ ಕೆಲಸ ಮಾಡುತ್ತಿದೆ. ಶೀತಲ ಸಮರದ ಕಾಲದಲ್ಲಿ ಹಲವು ಬೇಸ್‌ಗಳಿದ್ದವು. ಒಂದೊಂದಾಗಿ ಮುಚ್ಚಿದ್ದು ಅಮೆರಿಕವೇ, ಡೆನ್ಮಾರ್ಕ್ ಓಡಿಸಿದ್ದಲ್ಲ. ರಕ್ಷಣೆಯೇ ಚಿಂತೆ ಆಗಿದ್ದರೆ ಸೈನಿಕರನ್ನು ಕಳಿಸಬಹುದಿತ್ತು.

ಕೊಡಿಯಾಲ್‌ಬೈಲ್ ಹುಡುಗ:
ಸರಿ ಸರ್, ಆದರೆ ಇದು ಹೊಸ ಸಂಗತಿ ಏನಲ್ಲ. 1867ರಲ್ಲಿ ಅಲಾಸ್ಕಾ ಕೊಂಡರು. 1917ರಲ್ಲಿ ಇದೇ ಡೆನ್ಮಾರ್ಕ್ ಕೆರಿಬಿಯನ್‌ನ ತನ್ನ ದ್ವೀಪಗಳನ್ನು 2.5 ಕೋಟಿ ಡಾಲರ್‌ಗೆ ಅಮೆರಿಕಕ್ಕೆ ಮಾರಿತು. ಗ್ರೀನ್‌ಲ್ಯಾಂಡ್‌ಗೂ 1946ರಲ್ಲಿ ಟ್ರೂಮನ್ ಸರ್ಕಾರ 10 ಕೋಟಿ ಡಾಲರ್ ಬೆಲೆಯ ಚಿನ್ನ ಕೊಡುತ್ತೇವೆ ಅಂದಿತ್ತು.

ಉಡುಪಿ ವಕೀಲ:
1917ರ ವ್ಯವಹಾರವನ್ನೇ ನೋಡುವ. ಮಾರಬೇಕಾ ಬೇಡವಾ ಅಂತ 1916ರಲ್ಲಿ ಅಧಿಕೃತ ಮತದಾನ ಆದದ್ದು ಡೆನ್ಮಾರ್ಕ್‌ನಲ್ಲಿ. ಆ ದ್ವೀಪದವರಿಗೆ ಅದರಲ್ಲಿ ವೋಟಿಲ್ಲ. ಕೈ ಬದಲಾದ ಮೇಲೆ ಪೌರತ್ವ ಸಿಗಲು 1927ರವರೆಗೆ ಕಾದರು. ಇವತ್ತಿಗೂ ಅವರು ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ವೋಟು ಹಾಕುವ ಹಾಗಿಲ್ಲ. ನೂರು ವರ್ಷ ದಾಟಿತು ಮಾರಾಯ್ರೆ! ಅದೇ ವ್ಯವಹಾರದ ಜೊತೆಗೆ, ಇಡೀ ಗ್ರೀನ್‌ಲ್ಯಾಂಡ್ ಮೇಲೆ ಡೆನ್ಮಾರ್ಕ್ ಹಿಡಿತ ವಿಸ್ತರಿಸಿದರೆ ತನ್ನ ಆಕ್ಷೇಪ ಇಲ್ಲ ಅಂತ ಅಮೆರಿಕ ಬರೆದುಕೊಟ್ಟಿತ್ತು.

ಮಲ್ಪೆ ಬೋಟಿನವ:
ಎಲ್ಲರೂ ನೆಲದ ಬಗ್ಗೆಯೇ ಮಾತಾಡುತ್ತಿದ್ದೀರಿ. ಆ ನೆಲದ ಸುಮಾರು 80 ಪರ್ಸೆಂಟ್ ಬರೀ ಮಂಜು. ಅವರ ಹೊಟ್ಟೆ ತುಂಬುವುದು ಸಮುದ್ರದಿಂದ. ಅಲ್ಲಿಂದ ಹೊರಗೆ ಹೋಗುವ ಮಾಲಿನಲ್ಲಿ 90 ಪರ್ಸೆಂಟಿಗೂ ಜಾಸ್ತಿ ಮೀನು, ಅದರಲ್ಲೂ ಸಿಗಡಿ. ದ್ವೀಪ ಯಾರದೋ ಅದರ ಸುತ್ತ 200 ನಾಟಿಕಲ್ ಮೈಲಿನವರೆಗೆ ಮೀನಿನ ಹಕ್ಕೂ ಅವರದೇ. ನಮ್ಮಲ್ಲಿ ರಾಜ್ಯದ 12 ನಾಟಿಕಲ್ ಮೈಲಿನೊಳಗೆ ಪಕ್ಕದ ರಾಜ್ಯದ ಬೋಟು ಬಲೆ ಎಳೆದರೆ ಎಷ್ಟು ಗಲಾಟೆ ಆಗುತ್ತದೆ ಅಂತ ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ನಿಂತವರಿಗೆ ಗೊತ್ತು. ಬೋಟು ನಡೆಸುವ ತಂಡೇಲನನ್ನು ಹಿಡಿದು ಕೂರಿಸುತ್ತಾರೆ, ಹಿಡಿದ ಮೀನು ಹೋಗುತ್ತದೆ, ದಂಡ ಬೇರೆ. ಗ್ರೀನ್‌ಲ್ಯಾಂಡಿನವರು ಮೀನಿನ ಹಕ್ಕು ತಮ್ಮ ಕೈಯಲ್ಲಿ ಇರಬೇಕು ಅಂತಲೇ 1982ರಲ್ಲಿ ವೋಟು ಹಾಕಿ, 1985ರಲ್ಲಿ ಯುರೋಪಿನ ಆರ್ಥಿಕ ಒಕ್ಕೂಟದಿಂದ ಹೊರಗೆ ಬಂದವರು. ಅವರು ಅಷ್ಟು ಸುಲಭದಲ್ಲಿ ಬಿಟ್ಟುಕೊಡುವುದಿಲ್ಲ.

ಕೊಡಿಯಾಲ್‌ಬೈಲ್ ಹುಡುಗ:
ಡೆನ್ಮಾರ್ಕ್ ಏನು ಸಾಚಾ ಅಲ್ಲ ಅಣ್ಣ. 1953ರಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಬೇಟೆ ಮಾಡಿ ಬದುಕುತ್ತಿದ್ದ ಜನರನ್ನು ಮನೆ ಬಿಡಿಸಿ 100 ಕಿ.ಮೀ.ಗೂ ಜಾಸ್ತಿ ಉತ್ತರಕ್ಕೆ ಅಟ್ಟಿದರು. ಹೆಣ್ಣುಮಕ್ಕಳಿಗೆ, ಶಾಲೆಗೆ ಹೋಗುವ ಹುಡುಗಿಯರಿಗೂ, ಕೇಳದೆಯೇ ಗರ್ಭನಿರೋಧಕ ಹಾಕಿದರು. ಅದಕ್ಕೆ ಡೆನ್ಮಾರ್ಕ್ ಪ್ರಧಾನಿ ಕ್ಷಮೆ ಕೇಳಿದ್ದು 2025ರಲ್ಲಿ.

ಕುಂದಾಪುರದ ಅಕ್ಕ:
ಅದು ಅನ್ಯಾಯವೇ ತಮ್ಮಾ, ಯಾರೂ ಇಲ್ಲ ಅನ್ನುವುದಿಲ್ಲ. ಆದರೆ 1953ರಲ್ಲಿ ಅವರನ್ನು ಎಬ್ಬಿಸಿದ್ದು ಯಾವ ಬೇಸಿಗೋಸ್ಕರ? ಅದೇ ಅಮೆರಿಕದ ಬೇಸಿಗೆ. ನಮ್ಮ ಕಡೆ ಹಿಂದೆ ಗದ್ದೆ ಕೈ ಬದಲಾಗುವಾಗ ಗೇಣಿ ಒಕ್ಕಲು ಗದ್ದೆಯ ಜೊತೆಗೇ ಹೊಸ ಧಣಿಯ ಕೈಗೆ ಹೋಗುತ್ತಿದ್ದರು. ಅವರನ್ನು ಕೇಳಿದವರಿಲ್ಲ. 1974ರ ಭೂಸುಧಾರಣೆ ಬಂದ ಮೇಲೆ ಅದಕ್ಕೆ ಕೊನೆ ಬಿತ್ತು. ಒಕ್ಕಲು ಮಾಡಿದ ಮನೆಯವಳು ನಾನು. ಹಳೆ ಧಣಿ ಕೆಟ್ಟವ ಅಂತ ಹೊಸ ಧಣಿಗೆ ಬರೆದುಕೊಡುವುದು ಪರಿಹಾರ ಅಂತ ನನಗೆ ಯಾವತ್ತೂ ಅನಿಸುವುದಿಲ್ಲ.

ಬಂದರು ಮಂಜಿ:
ನಮ್ಮದೇ ಊರಿನ ವಿಷಯ ಒಂದು ಹೇಳುತ್ತೇನೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇವೆಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಮಂಗಳೂರಿನ ಕಲೆಕ್ಟರೇ ಅವರಿಗೆ ಸರ್ಕಾರ. ಇಲ್ಲಿ ಸುಮಾರು ಜನರಿಗೆ ಇದು ಗೊತ್ತಿಲ್ಲ. ಬಂದರಿನಲ್ಲಿ ದ್ವೀಪಕ್ಕೆ ಹೋಗುವ ಮಂಜಿಗೆ (ಸರಕಿನ ಮರದ ಹಡಗಿಗೆ) ಜಲ್ಲಿ, ಸಿಮೆಂಟು, ತರಕಾರಿ ಲೋಡ್ ಆಗುವುದನ್ನು ನೋಡಿ ಬೆಳೆದವನು ನಾನು, ಹಾಗಾಗಿ ಈ ಕಥೆ ನನಗೆ ದೂರದ್ದಲ್ಲ.

ಮೊದಲು ಆ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ತೆಂಗಿನ ನಾರಿನ ಹುರಿಯನ್ನು ಅವರಿಗೇ, ಅವರು ಹೇಳಿದ ಬೆಲೆಗೇ ಕೊಡಬೇಕಿತ್ತು. ಜನ ರೋಸಿಹೋದರು. 1780ರ ದಶಕದಲ್ಲಿ ಅಮಿನಿಯವರು ಟಿಪ್ಪುವನ್ನು ಕಂಡು, ನಮ್ಮನ್ನು ನಿಮ್ಮ ಆಡಳಿತಕ್ಕೆ ತಗೊಳ್ಳಿ ಅಂದರು. ಅಂದರೆ ದ್ವೀಪ ಕೈ ಬದಲಾಯಿತು, ಆದರೆ ದ್ವೀಪದವರು ತಾವೇ ಕೇಳಿದ್ದರಿಂದ.

ಎರಡನೇ ಸಲ ಹಾಗಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಗೆ ಹೋದವು. ಯಾರೂ ಯಾರನ್ನೂ ಕೇಳಲಿಲ್ಲ. ಯಾವ ಹುರಿಯ ಕಾಟಕ್ಕೆ ಬೇಸತ್ತು ಅರಕ್ಕಲ್ ಬಿಟ್ಟರೋ, ಅದೇ ಹುರಿಯನ್ನು ಈಗ ಮಂಗಳೂರಿನ ಸರ್ಕಾರಕ್ಕೆ ಕೊಡಬೇಕಾಯಿತು. ಬದಲಿಗೆ ಸಿಗುತ್ತಿದ್ದದ್ದು ಅಕ್ಕಿ. ಹುರಿಗೆ ಎಷ್ಟು, ಅಕ್ಕಿಗೆ ಎಷ್ಟು ಅಂತ ನಿಗದಿ ಮಾಡುವವರು ಒಬ್ಬರೇ. ಅಕ್ಕಿ ಬೆಳೆಯದ ದ್ವೀಪದಲ್ಲಿ ಇದರ ಅರ್ಥ ಏನು ಅಂತ ಯೋಚಿಸಿ. ಎರಡು ಸಲವೂ ನಕ್ಷೆಯಲ್ಲಿ ಬದಲಾದದ್ದು ಬಣ್ಣ ಮಾತ್ರ. ಅಲ್ಲಿದ್ದವರ ಪಾಲಿಗೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಉಡುಪಿ ವಕೀಲ:
ಚೆನ್ನಾಗಿ ಹೇಳಿದಿರಿ. ಇನ್ನೊಂದು ಮಾತು. 2009ರ ಸ್ವಯಂ ಆಡಳಿತ ಕಾಯ್ದೆ ಪ್ರಕಾರ ಗ್ರೀನ್‌ಲ್ಯಾಂಡಿನವರು ಪ್ರತ್ಯೇಕ ಜನಾಂಗ, ಸ್ವತಂತ್ರ ಆಗಬೇಕಾ ಅಂತ ತೀರ್ಮಾನಿಸುವವರು ಅವರೇ. ಅವರನ್ನು ಬಿಟ್ಟು ಡೆನ್ಮಾರ್ಕ್ ಮಾರಲು ಹೊರಟರೂ ಅದು ನಡೆಯುವ ಮಾತಲ್ಲ. 2025ರ ಜನವರಿಯ ಸಮೀಕ್ಷೆಯಲ್ಲಿ 85 ಪರ್ಸೆಂಟ್ ಜನ ಅಮೆರಿಕ ಸೇರುವುದು ಬೇಡ ಅಂದಿದ್ದಾರೆ.

ಕೊಡಿಯಾಲ್‌ಬೈಲ್ ಹುಡುಗ:
ಅವರೇ ಮೊದಲು ಸ್ವತಂತ್ರರಾಗಿ, ಆಮೇಲೆ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡರೆ? ಡೆನ್ಮಾರ್ಕ್ ಕೊಡುವ ಹಣ ಅವರ ಸರ್ಕಾರದ ಖರ್ಚಿನ ಸುಮಾರು ಅರ್ಧದಷ್ಟು. ಅದು ನಿಂತರೆ ಯಾರಾದರೂ ಬೇಕಲ್ವಾ?

ಉಡುಪಿ ವಕೀಲ:
ಹಾಗೆ ಮಾಡಿದರೆ ನನ್ನ ತಕರಾರಿಲ್ಲ. ಮಾರ್ಷಲ್ ದ್ವೀಪಗಳು 1986ರಿಂದ ಹಾಗೇ ಇವೆ. ದೇಶ ಅವರದು, ರಕ್ಷಣೆ ಅಮೆರಿಕದ್ದು, ಹಣವೂ ಬರುತ್ತದೆ. ಆದರೆ ಅದಕ್ಕೆ ಮೊದಲು ಅವರು ಸ್ವತಂತ್ರರಾಗಬೇಕು. ಮಾತುಕತೆ ಆಮೇಲೆ. ಈಗ ನಡೆಯುತ್ತಿರುವುದು ಉಲ್ಟಾ.

ಮಲ್ಪೆ ಬೋಟಿನವ:
ಅಂಥ ಒಪ್ಪಂದ ಆಗುವುದೇ ಆದರೆ ಸಿಗಡಿ ಹಿಡಿಯುವ ಹಕ್ಕು ಯಾರಿಗೆ ಅಂತ ಮೊದಲ ಪುಟದಲ್ಲೇ ಬರೆಸಿಕೊಳ್ಳಲಿ. ಬೇಸಿನ ವಿಷಯ ಎರಡನೇ ಪುಟಕ್ಕೆ ಸಾಕು.