ಪ್ರಶ್ನೋತ್ತರ: ಚಳಿಗಾಲದ ವಾರಾಂತ್ಯದಲ್ಲಿ ತಂದೆತಾಯಿಯರೊಡನೆ ಪ್ರಾಗ್‌ಗೆ

ನಿರ್ವಾಹಕರು: ಊರಿನಿಂದ ಬಂದಿರುವ ತಂದೆತಾಯಿಯರನ್ನು ಡಿಸೆಂಬರಿನ ವಾರಾಂತ್ಯಕ್ಕೆ ಚೆಕ್ ದೇಶದ ಪ್ರಾಗ್ ನಗರಕ್ಕೆ ಕರೆದೊಯ್ಯುವ ಬಗ್ಗೆ ಜರ್ಮನಿಯ ನಮ್ಮ ಗುಂಪಿನಲ್ಲಿ ಹಲವರು ಕೇಳುತ್ತಿದ್ದಾರೆ. ಇಲ್ಲಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿರುವ ನಮ್ಮ ಸದಸ್ಯೆ ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಆರೋಗ್ಯದ ಪ್ರಶ್ನೆಗಳನ್ನಷ್ಟೇ ಕೇಳಬೇಕೆಂದು ವಿನಂತಿ.

ಡ್ರೆಸ್ಡನ್‌ನ ಸದಸ್ಯ: ನಮಸ್ಕಾರ ಮೇಡಂ. ಅಮ್ಮನಿಗೆ 68 ವರ್ಷ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ, ಬೇರೆ ತೊಂದರೆಯಿಲ್ಲ. ಎರಡು ದಿನ ಸುತ್ತಾಡಿಸಬಹುದೇ?

ವೈದ್ಯೆ: ನಮಸ್ಕಾರ. ಧಾರಾಳವಾಗಿ ಕರೆದೊಯ್ಯಿರಿ. ಚಳಿಯಲ್ಲಿ ಬಿ.ಪಿ. ಏರುವುದರಿಂದ ಹೊರಡುವ ಮೊದಲು ಒಮ್ಮೆ ಅಳೆದು ನೋಡಿ, ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಅವರ ವಿಷಯದಲ್ಲಿ ನನಗೆ ಚಳಿಗಿಂತ ಜಾರಿ ಬೀಳುವ ಭಯವೇ ಹೆಚ್ಚು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಆಮೇಲೆ ಒದ್ದೆಯಾದ ಕಲ್ಲುಹಾಸಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಮಂಜುಗಡ್ಡೆ ಕಟ್ಟಬಹುದು. ಅಡಿ ನುಣುಪಾದ ಬೂಟು ಬೇಡ. ಸೀರೆಯ ನೆರಿಗೆ ಕಾಲಿಗೆ ತೊಡರದಂತೆಯೂ ನೋಡಿಕೊಳ್ಳಿ.

ಮ್ಯೂನಿಕ್‌ನ ಸದಸ್ಯೆ: ನಮ್ಮ ತಂದೆಯವರಿಗೆ 71 ವರ್ಷ. ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಮೈಸೂರಿನಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ್ದೇವೆ, ಪಾದಗಳು ಸ್ವಲ್ಪ ಮರಗಟ್ಟಿದಂತಿರುತ್ತವೆ. ಈ ಶುಕ್ರವಾರ ಪ್ರಾಗ್‌ಗೆ ಟಿಕೆಟ್ ಆಗಿದೆ. ಎಂಥ ಸಾಕ್ಸ್ ಕೊಡಿಸಬೇಕು? ಇನ್ನೊಂದು ವಿಷಯ: ಇಲ್ಲಿಗೆ ಬಂದ ಮೇಲೆ ಬೆಳಿಗ್ಗೆ ರೈಲು ನಿಲ್ದಾಣದವರೆಗೆ ನಡೆದರೆ ಎಡ ಭುಜ ಮತ್ತು ದವಡೆ ಭಾರವಾಗುತ್ತದೆ ಎನ್ನುತ್ತಾರೆ. ಎರಡು ನಿಮಿಷ ನಿಂತರೆ ಹೋಗುತ್ತದೆ. ಗ್ಯಾಸ್ ಎಂದು ಅಮ್ಮ ಜೀರಿಗೆ ಕಷಾಯ ಕೊಡುತ್ತಿದ್ದಾರೆ.

ವೈದ್ಯೆ: ಸಾಕ್ಸಿನ ಮಾತು ಆಮೇಲೆ. ಈ ಭಾರ ಎಂದಿನಿಂದ ಶುರುವಾಯಿತು? ಊರಿನಲ್ಲಿ ನಡೆಯುವಾಗ ಇತ್ತೇ? ಸುಮ್ಮನೆ ಕುಳಿತಿದ್ದಾಗ ಎಂದಾದರೂ ಬಂದಿದೆಯೇ? ದಯವಿಟ್ಟು ಈಗಲೇ ಅವರನ್ನು ಕೇಳಿ ಬರೆಯಿರಿ.

ಕಲೋನ್‌ನ ಸದಸ್ಯ: ಮೇಡಂ, ಅಪ್ಪನಿಗೂ ಬಿ.ಪಿ. ಇದೆ. ಕರೆದೊಯ್ಯಬಹುದೇ?

ವೈದ್ಯೆ: ಮೇಲೆ ಬರೆದಿದ್ದೇನೆ.

ಮ್ಯೂನಿಕ್‌ನ ಸದಸ್ಯೆ: ಊರಿನಲ್ಲಿ ಇರಲಿಲ್ಲವಂತೆ. ಇಲ್ಲಿಗೆ ಬಂದು ಎರಡು ವಾರವಾಯಿತು, ಅಂದಿನಿಂದ ಇದೆ. ಕುಳಿತಿದ್ದಾಗ ಬಂದಿಲ್ಲ. ಮೊದಲು ಏರು ಹತ್ತುವಾಗ ಮಾತ್ರ ಬರುತ್ತಿತ್ತು, ಈಗ ಸಮತಟ್ಟಾದ ದಾರಿಯಲ್ಲೂ ಬರುತ್ತಿದೆಯಂತೆ.

ವೈದ್ಯೆ: ಇದನ್ನು ಗ್ಯಾಸ್ ಎಂದುಕೊಂಡು ಇನ್ನೊಂದು ದಿನವನ್ನೂ ಕಳೆಯಬೇಡಿ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ, ಹೃದಯ ಹೆಚ್ಚು ದುಡಿಯಬೇಕಾಗುತ್ತದೆ, ಅದೇ ಹೊತ್ತಿನಲ್ಲಿ ಹೃದಯಕ್ಕೆ ರಕ್ತ ಒಯ್ಯುವ ನಾಳಗಳೂ ಕುಗ್ಗಬಹುದು. ಸ್ಟೆಂಟ್ ಇರುವವರಲ್ಲಿ ನಡೆಯುವಾಗ ಬಂದು ನಿಂತರೆ ಹೋಗುವ ದವಡೆಯ ಭಾರ, ಅದೂ ಎರಡು ವಾರದಲ್ಲಿ ಹೊಸದಾಗಿ ಕಾಣಿಸಿಕೊಂಡು ಹೆಚ್ಚುತ್ತಿರುವ ಭಾರವೆಂದರೆ, ಬೇರೆ ಕಾರಣ ಸಾಬೀತಾಗುವವರೆಗೆ ನಾವು ಅದನ್ನು ಹೃದಯದ್ದೆಂದೇ ಭಾವಿಸಬೇಕು. ಬಹುಕಾಲದ ಸಕ್ಕರೆ ಕಾಯಿಲೆಯವರಿಗೆ ಎದೆನೋವು ಸ್ಪಷ್ಟವಾಗಿ ತಿಳಿಯದೆಯೂ ಇರಬಹುದು. ಆದ್ದರಿಂದ ಎದೆ ನೋಯುತ್ತಿಲ್ಲ ಎಂಬ ಸಮಾಧಾನ ಬೇಡ. ಇಂದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಇ.ಸಿ.ಜಿ. ಮತ್ತು ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೊನಿನ್ ರಕ್ತಪರೀಕ್ಷೆ ಆಗಬೇಕು. ಒಂದು ಇ.ಸಿ.ಜಿ. ಸರಿಯಿದೆ ಎಂದ ಮಾತ್ರಕ್ಕೆ ಮನೆಗೆ ಹಿಂತಿರುಗಬೇಡಿ. ಕುಳಿತಿದ್ದಾಗ ಭಾರ ಬಂದರೆ, ಬೆವರು ಅಥವಾ ಉಬ್ಬಸ ಕಂಡರೆ 112ಕ್ಕೆ ಕರೆ ಮಾಡಿ. ಈ ಶುಕ್ರವಾರದ ಪ್ರಯಾಣ ಬೇಡ.

ಫ್ರಾಂಕ್‌ಫರ್ಟ್‌ನ ಸದಸ್ಯೆ: ನಮ್ಮ ಮಾವನವರಿಗೂ ಸ್ಟೆಂಟ್ ಇದೆ. ಹೋದ ಚಳಿಗಾಲದಲ್ಲಿ ಪ್ರಾಗ್‌ನ ಮಲೋಸ್ತ್ರಾನ್ಸ್ಕಾ ಮೆಟ್ರೊ ನಿಲ್ದಾಣದಿಂದ ಹಳೆಯ ಮೆಟ್ಟಿಲುಗಳನ್ನು ಹತ್ತಿಸಿಯೇ ಕೋಟೆಗೆ ಕರೆದೊಯ್ದೆವು, ಏನೂ ಆಗಲಿಲ್ಲ. ಪಾಪ, ಊರಿನಿಂದ ಬಂದವರನ್ನು ಹೀಗೆ ಹೆದರಿಸಬಾರದು.

ಡ್ರೆಸ್ಡನ್‌ನ ಸದಸ್ಯ: ಮೆಟ್ಟಿಲು ಹತ್ತಿಸುವ ಅಗತ್ಯವೇ ಇರಲಿಲ್ಲ. 22ನೇ ಟ್ರಾಮಿನಲ್ಲಿ ಪ್ರಾಜ್‌ಸ್ಕಿ ಹ್ರಾದ್ ನಿಲ್ದಾಣದಲ್ಲಿ ಇಳಿದರೆ ಹೆಚ್ಚು ಏರಿಲ್ಲದೆ ಕೋಟೆಯ ಅಂಗಳಕ್ಕೇ ಹೋಗಬಹುದು.

ಫ್ರಾಂಕ್‌ಫರ್ಟ್‌ನ ಸದಸ್ಯೆ: ಮೆಟ್ಟಿಲಿನ ಮೇಲಿಂದ ಕೆಂಪು ಹೆಂಚಿನ ಊರು ಕಾಣುವ ನೋಟ ಟ್ರಾಮಿನಲ್ಲಿ ಹೋದವರಿಗೆ ಸಿಗುವುದಿಲ್ಲ.

ಡ್ರೆಸ್ಡನ್‌ನ ಸದಸ್ಯ: ಟ್ರಾಮಿನಲ್ಲಿ ಹೋಗಿ, ಕೋಟೆಯ ಮುಂದಿನ ಚೌಕದ ಅಂಚಿನಲ್ಲಿ ನಿಂತರೆ ಅದೇ ನೋಟ ಸಿಗುತ್ತದೆ. ಹೋಗಿ ಬಂದವರೇ ಹೀಗೆ ಬರೆದರೆ ಹೇಗೆ?

ವೈದ್ಯೆ: ನಿಮ್ಮ ಮಾವನವರಿಗೆ ನಡೆಯುವಾಗ ದವಡೆ ಭಾರವಾಗುತ್ತಿರಲಿಲ್ಲ. ಸ್ಟೆಂಟ್ ಇದ್ದವರೆಲ್ಲರ ಸ್ಥಿತಿ ಒಂದೇ ಅಲ್ಲ. ಈ ಹೋಲಿಕೆಯನ್ನು ದಯವಿಟ್ಟು ಇಲ್ಲಿಗೆ ನಿಲ್ಲಿಸಿ.

ಬರ್ಲಿನ್‌ನ ಸದಸ್ಯ: ನಮ್ಮ ಬಂಧುಗಳ ಗುಂಪಿನಲ್ಲಿ ಬಂದದ್ದನ್ನು ಹಂಚುತ್ತಿದ್ದೇನೆ: “ಎದೆ ಹಿಡಿದಂತಾದರೆ ಜೋರಾಗಿ ಕೆಮ್ಮುತ್ತಿದ್ದರೆ ಹೃದಯಾಘಾತ ತಪ್ಪುತ್ತದೆ. ಪಾದಕ್ಕೆ ಬ್ರಾಂದಿ ತಿಕ್ಕಿ ಬಿಸಿನೀರಿನ ಚೀಲ ಇಟ್ಟುಕೊಂಡರೆ ಎಂಥ ಚಳಿಯೂ ತಟ್ಟುವುದಿಲ್ಲ.”

ವೈದ್ಯೆ: ಇದನ್ನು ಯಾರೂ ಪಾಲಿಸಬೇಡಿ. ಕೆಮ್ಮಿನಿಂದ ಹೃದಯಾಘಾತ ನಿಲ್ಲುವುದಿಲ್ಲ. ಆಂಬುಲೆನ್ಸ್ ಕರೆಯಬೇಕಾದ ನಿಮಿಷಗಳು ಕೆಮ್ಮುವುದರಲ್ಲೇ ಕಳೆದುಹೋಗುತ್ತವೆ. ಚೆಕ್ ದೇಶದಲ್ಲೂ 112 ನಡೆಯುತ್ತದೆ, ಅಲ್ಲಿನ ಆಂಬುಲೆನ್ಸ್ ಸಂಖ್ಯೆ 155. ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಚೀಲ ಇಟ್ಟರೆ ಸುಟ್ಟದ್ದು ತಿಳಿಯುವುದೇ ಇಲ್ಲ. ಹೋಟೆಲಿನ ರೇಡಿಯೇಟರ್‌ಗೆ ಪಾದ ತಾಗಿಸಿಕೊಂಡು ನಿದ್ದೆಹೋಗಿ, ಬೆಳಿಗ್ಗೆ ಸಾಕ್ಸ್ ಬಿಚ್ಚಿದಾಗ ಹಿಮ್ಮಡಿಯಲ್ಲಿ ನೀರು ತುಂಬಿದ ಗುಳ್ಳೆ ಕಂಡು ಆಸ್ಪತ್ರೆಗೆ ಬಂದವರನ್ನು ನಾನು ನೋಡಿದ್ದೇನೆ. ಆ ಗಾಯ ಮಾಯಲು ತಿಂಗಳುಗಳು ಬೇಕು.

ಬರ್ಲಿನ್‌ನ ಸದಸ್ಯ: ಹಾಗಾದರೆ ಪ್ರಾಗ್‌ನ ಕ್ರಿಸ್‌ಮಸ್ ಸಂತೆಯಲ್ಲಿ ಸಿಗುವ ಮಸಾಲೆಯ ಬಿಸಿ ವೈನ್ ಕುಡಿದರೆ ಮೈ ಬೆಚ್ಚಗಾಗುವುದು ಸುಳ್ಳೇ?

ವೈದ್ಯೆ: ಬೆಚ್ಚಗೆ ಅನ್ನಿಸುವುದು ನಿಜ. ಮದ್ಯದಿಂದ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಮಟ್ಟ ಕುಸಿಯುವ ಅಪಾಯವೂ ಇದೆ.

ಸ್ಟುಟ್‌ಗಾರ್ಟ್‌ನ ಸದಸ್ಯೆ: ಮಂಡಿ ಚಿಪ್ಪು ಬದಲಿಸಿಕೊಂಡವರು ಆ ಕಲ್ಲುಹಾಸಿನ ಮೇಲೆ ನಡೆಯಬಹುದೇ?

ಹ್ಯಾಂಬರ್ಗ್‌ನ ಸದಸ್ಯ: ಇನ್ಸುಲಿನ್ ಪೆನ್ನನ್ನು ಚಳಿಯಲ್ಲಿ ಒಯ್ಯುವುದು ಹೇಗೆ ಮೇಡಂ? ಅತ್ತೆಯವರು ನಿತ್ಯ ಬಳಸುತ್ತಾರೆ.

ವೈದ್ಯೆ: ಒಳ್ಳೆಯ ಪ್ರಶ್ನೆ. ಇನ್ಸುಲಿನ್ ಹೆಪ್ಪುಗಟ್ಟಬಾರದು, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡಲು ಸರಿಯಾಗಿ ಕಂಡರೂ ಎಸೆಯಬೇಕು. ಕೋಟಿನ ಹೊರ ಜೇಬು ಬೇಡ, ಒಳಗಿನ ಅಂಗಿಯ ಜೇಬಿನಲ್ಲಿರಲಿ, ರಾತ್ರಿ ಕಾರಿನಲ್ಲಿ ಬಿಡಬೇಡಿ. ಅನೇಕ ಗ್ಲುಕೋಮೀಟರುಗಳು ತಣ್ಣಗಿದ್ದರೆ ಕೆಲಸ ಮಾಡುವುದಿಲ್ಲ, ಬೆಚ್ಚಗಿನ ಕೋಣೆಯಲ್ಲಿಟ್ಟು ನೋಡಿ. ಹಗಲೆಲ್ಲ ನಡೆದರೆ ಸಕ್ಕರೆ ಇಳಿಯುತ್ತದೆ, ಚಳಿಯ ನಡುಕವೆಂದು ತಪ್ಪು ತಿಳಿಯಬಹುದು, ಗ್ಲೂಕೋಸ್ ಜೊತೆಯಲ್ಲಿರಲಿ. ಹಳೆಯ ಪಟ್ಟಣದ ಖಗೋಳ ಗಡಿಯಾರ 1410ರದು, ಅದರ ಗೊಂಬೆಗಳನ್ನು ನೋಡಲು ಜನರು ತಾಸು ಹೊಡೆಯುವವರೆಗೆ ಕದಲದೆ ಕಾಯುತ್ತಾರೆ. ಹಿರಿಯರನ್ನು ಪಕ್ಕದ ಕಾಫಿ ಅಂಗಡಿಯಲ್ಲಿ ಕೂರಿಸಿ, ಕೊನೆಯ ಗಳಿಗೆಯಲ್ಲಿ ಕರೆತನ್ನಿ. ಚಾರ್ಲ್ಸ್ ಸೇತುವೆ ಸುಮಾರು ಅರ್ಧ ಕಿಲೋಮೀಟರ್ ಉದ್ದವಿದೆ, ವ್ಲ್ತಾವಾ ನದಿಯ ಗಾಳಿಗೆ ಅಲ್ಲಿ ಮರೆಯಿಲ್ಲ. ಮೂಗುಬಾಯಿಗೆ ಮಫ್ಲರ್ ಸುತ್ತಿಕೊಂಡು ದಾಟಲಿ.

ಫ್ರಾಂಕ್‌ಫರ್ಟ್‌ನ ಸದಸ್ಯೆ: ಹೋಟೆಲಿಗೆ ಕೊಟ್ಟ ಹಣ ಹಿಂತಿರುಗುವುದಿಲ್ಲ ಎಂಬುದನ್ನೂ ವೈದ್ಯರು ಯೋಚಿಸಬೇಕು.

ಡ್ರೆಸ್ಡನ್‌ನ ಸದಸ್ಯ: ಒಬ್ಬರ ಪ್ರಾಣದ ಮಾತಿನ ನಡುವೆ ಹೋಟೆಲಿನ ಹಣದ ಮಾತೇ?

ಫ್ರಾಂಕ್‌ಫರ್ಟ್‌ನ ಸದಸ್ಯೆ: ನನಗೆ ಪಾಠ ಹೇಳಬೇಡಿ.

ನಿರ್ವಾಹಕರು: ಇಬ್ಬರೂ ದಯವಿಟ್ಟು ನಿಲ್ಲಿಸಿ.

ಕಲೋನ್‌ನ ಸದಸ್ಯ: ಅಪ್ಪನ ಬಿ.ಪಿ. ಮಾತ್ರೆಯನ್ನು ಪ್ರಯಾಣದ ದಿನ ಬಿಡಬಹುದೇ?

ವೈದ್ಯೆ: ಬಿಡಬಾರದು.

ಮ್ಯೂನಿಕ್‌ನ ಸದಸ್ಯೆ: ತಂದೆಯವರು ಒಪ್ಪುತ್ತಿಲ್ಲ. ಮಗಳ ದುಡ್ಡು ಹಾಳು ಎನ್ನುತ್ತಿದ್ದಾರೆ. ಅವರ ಪ್ರಯಾಣ ವಿಮೆ ಇದನ್ನು ಕೊಡುತ್ತದೆಯೇ?

ವೈದ್ಯೆ: ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಇರಲೇಬೇಕು, ಆದರೆ ಮೊದಲೇ ಇದ್ದ ಕಾಯಿಲೆಗಳಿಗೆ ಹಲವು ಪಾಲಿಸಿಗಳು ಮಿತಿ ಹಾಕುತ್ತವೆ. ದಾರಿಯಲ್ಲಿ ಪಾಲಿಸಿಯ ಸಹಾಯವಾಣಿಗೆ ಕರೆ ಮಾಡಿ, ಆ ಕಾರಣಕ್ಕೆ ಹೊರಡುವುದನ್ನು ತಡಮಾಡಬೇಡಿ. ಪ್ರಾಗ್ ಮುಂದಿನ ವಸಂತದಲ್ಲೂ ಅಲ್ಲೇ ಇರುತ್ತದೆ ಎಂದು ನಾನು ಹೇಳಿದೆನೆಂದು ತಂದೆಯವರಿಗೆ ತಿಳಿಸಿ. ಮೈಸೂರಿನ ಆಂಜಿಯೋಗ್ರಾಮ್ ವರದಿ, ಸ್ಟೆಂಟ್ ಕಾರ್ಡು, ಎಲ್ಲ ಮಾತ್ರೆಗಳ ಪಟ್ಟಿ, ಇನ್ಸುಲಿನ್ ಪೆನ್ನು ಜೊತೆಗಿರಲಿ. ಅವರನ್ನು ನಿಲ್ದಾಣದವರೆಗೆ ನಡೆಸಬೇಡಿ, ಟ್ಯಾಕ್ಸಿ ಕರೆಯಿರಿ. ನಡೆಯುವಾಗ ದವಡೆ ಭಾರವಾಗುತ್ತದೆ, ಎರಡು ವಾರದಿಂದ ಹೆಚ್ಚುತ್ತಿದೆ, ಸ್ಟೆಂಟ್ ಇದೆ ಎಂಬ ಮೂರು ಮಾತನ್ನು ಸ್ವಾಗತದ ಮೇಜಿನಲ್ಲಿಯೇ ಹೇಳಿ.

ಮ್ಯೂನಿಕ್‌ನ ಸದಸ್ಯೆ: ಟ್ಯಾಕ್ಸಿ ಬಂದಿದೆ, ಹೊರಟೆವು.

ವೈದ್ಯೆ: ಸರಿ. ಫೋನು ಕೈಯಲ್ಲೇ ಇರಲಿ. ಉಳಿದವರ ಪ್ರಶ್ನೆಗಳನ್ನು ನಾನು ಇಂದು ನೋಡುವುದಿಲ್ಲ.