ಪ್ರಾಕ್ಸಿಮಾದಿಂದ ಅಥಣಿಗೆ ಆ ಕ್ಷಣವೇ ಕರೆ: ಕಥೆಯಲ್ಲಾದರೂ ನಂಬಬಹುದೇ?

ಟಿಳಕವಾಡಿ ಓದುಗ
ಕಳೆದ ಭಾನುವಾರ ನಮ್ಮ ಬೆಳಗಾವಿಯ ಓದುಗರ ಕೂಟದಲ್ಲಿ ಗೆಳೆಯರೊಬ್ಬರು ತಮ್ಮ ವಿಜ್ಞಾನ ಕಥೆಯನ್ನು ಓದಿದರು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯ ಗ್ರಹದಲ್ಲಿರುವ ಮಗಳು ಅಥಣಿಯ ತಾಯಿಗೆ ‘ಊಟ ಆತೇನವ್ವಾ’ ಎಂದು ಕೇಳುತ್ತಾಳೆ, ತಾಯಿ ರೊಟ್ಟಿ ಬಡಿಯುತ್ತಲೇ ಉತ್ತರ ಕೊಡುತ್ತಾಳೆ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವ ಬೆಳಕಿಗೇ ಆ ದಾರಿ ಸವೆಸಲು 4.24 ವರ್ಷ ಬೇಕು. ಕಥೆಯಲ್ಲಿರುವ ವಿವರಣೆ ಮಾತ್ರ ಮೂರೇ ಪದ: ‘ಹೆಣೆದುಕೊಂಡ ಕಣಗಳ ಫೋನು’. ಎಷ್ಟೇ ದೂರ ಹೋದರೂ ಒಂದರ ಅಳತೆ ಇನ್ನೊಂದರ ಅಳತೆಗೆ ಹೊಂದಿಕೊಳ್ಳುವ ಜೋಡಿ ಕಣಗಳಂತೆ ಅವು. ರೊಟ್ಟಿಯ ಸಪ್ಪಳವನ್ನು ನಾನು ನಂಬಿದೆ, ಫೋನನ್ನು ನಂಬಲಿಲ್ಲ. ನೀವೇನು ಹೇಳುತ್ತೀರಿ?

ಗುಮ್ಮಟದ ಪಿಸುಮಾತು
ವಿಜಯಪುರದಲ್ಲಿ ಬಹಳ ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿರುವವನಾಗಿ ಹೇಳುತ್ತೇನೆ, ಆ ಫೋನು ಕೆಲಸ ಮಾಡುವುದಿಲ್ಲ. ಒಂದು ಜೊತೆ ಕೊಲ್ಹಾಪುರಿ ಚಪ್ಪಲಿಯನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಒಂದನ್ನು ಪ್ರಾಕ್ಸಿಮಾಕ್ಕೆ ಕಳಿಸಿದಿರಿ ಎನ್ನಿ. ಇಲ್ಲಿನ ಡಬ್ಬಿಯಲ್ಲಿ ಎಡಗಾಲಿನದು ಕಂಡರೆ ಅಲ್ಲಿರುವುದು ಬಲಗಾಲಿನದೆಂದು ಆ ಕ್ಷಣವೇ ತಿಳಿಯುತ್ತದೆ. ತಿಳಿದದ್ದು ನಿಜ, ಆದರೆ ಯಾರೂ ಯಾರಿಗೂ ಏನನ್ನೂ ಹೇಳಲಿಲ್ಲ.

ಘಟಪ್ರಭಾ
ಮಾಸ್ತರರೇ, ಈ ಚಪ್ಪಲಿಯ ಉಪಮೆಯನ್ನು ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲೇ ಮೂಲೆಗೆ ತಳ್ಳಿದರು. ಚಪ್ಪಲಿ ಡಬ್ಬಿಗೆ ಹೋಗುವಾಗಲೇ ಎಡವೋ ಬಲವೋ ಆಗಿರುತ್ತದೆ. ಕಣಗಳು ಹಾಗೆ ಮೊದಲೇ ತೀರ್ಮಾನವಾಗಿ, ಒಂದು ಮತ್ತೊಂದರ ಮೇಲೆ ಪ್ರಭಾವ ಬೀರದೆ ಇರುವುದಾದರೆ ಅಳತೆಗಳ ಹೊಂದಾಣಿಕೆ ಒಂದು ಮಿತಿಯನ್ನು ದಾಟಬಾರದು, ಪ್ರಯೋಗಗಳಲ್ಲಿ ಅದು ದಾಟಿದೆ. ಅದಕ್ಕಾಗಿಯೇ ಆಸ್ಪೆ, ಕ್ಲೌಸರ್ ಮತ್ತು ಝೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು. 2008ರಲ್ಲಿ ಜಿನೀವಾ ಸಮೀಪ 18 ಕಿಲೋಮೀಟರ್ ಅಂತರದ ಎರಡು ಹಳ್ಳಿಗಳ ನಡುವೆ ನಡೆದ ಪ್ರಯೋಗದಲ್ಲಿ ಈ ಪ್ರಭಾವದ ವೇಗ ಬೆಳಕಿನ ಹತ್ತು ಸಾವಿರ ಪಟ್ಟಿಗಿಂತ ಹೆಚ್ಚೆಂದು ಕಂಡಿತು. ಕಥೆಗಾರರು ಸರಿಯಾಗಿಯೇ ಬರೆದಿದ್ದಾರೆ.

ಅಥಣಿಯವ
ಕೊಲ್ಹಾಪುರಿ ಎಂದರೇನು ಸ್ವಾಮಿ? ಕಥೆ ಅಥಣಿಯದು, ಚಪ್ಪಲಿಯೂ ಅಥಣಿಯದು. ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ 2019ರ ಭೌಗೋಳಿಕ ಸೂಚಕದಲ್ಲಿ (ಜಿಐ ಟ್ಯಾಗ್) ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇವೆ. ಇನ್ನೊಂದು ಮಾತು: ಎಡಬಲ ಗೊತ್ತಾಗುವುದು ಡಬ್ಬಿ ತೆರೆದಾಗಲ್ಲ. ಹೆಬ್ಬೆರಳು ತೂರಿಸುವ ಚರ್ಮದ ಉಂಗುರವನ್ನು ಕುಶಲಕರ್ಮಿ ಯಾವ ಬದಿಗೆ ಕೂಡಿಸಿ ಹೊಲಿಯುತ್ತಾನೋ ಆ ಹೊಲಿಗೆಯಲ್ಲೇ ಅದು ತೀರ್ಮಾನವಾಗುತ್ತದೆ. ನಾನು ಅಂಗಡಿಯ ಕಟ್ಟೆಯ ಮೇಲೆ ಕೂತು ನೋಡಿದವನು.

ಘಟಪ್ರಭಾ
ನೋಡಿರಿ, ಬೆಲ್ ಹೇಳಿದ್ದನ್ನೇ ಅಥಣಿಯವರು ಒಂದು ವಾಕ್ಯದಲ್ಲಿ ಹೇಳಿದರು. ಕಣಕ್ಕೆ ಆ ಹೊಲಿಗೆ ಇಲ್ಲ.

ಅಥಣಿಯವ
ನಾನು ಯಾರ ಪರವಾಗಿಯೂ ಹೇಳಲಿಲ್ಲ, ಚಪ್ಪಲಿಯ ಹೆಸರಿನ ಬಗ್ಗೆ ಹೇಳಿದೆ.

ಗುಮ್ಮಟದ ಪಿಸುಮಾತು
ಉಪಮೆ ಎಂದರೆ ಉಪಮೆ, ಅದರ ಹೊಲಿಗೆ ಬಿಚ್ಚುತ್ತ ಕೂಡಬೇಕಾಗಿಲ್ಲ. ಬೆಲ್ ಅವರ ಫಲಿತಾಂಶ ನನಗೆ ಗೊತ್ತಿಲ್ಲವೆಂದು ಭಾವಿಸಿದ್ದರೆ ಅದು ತಮ್ಮ ಉದ್ಧಟತನ. ಜಿನೀವಾದವರು ಹೇಳಿದ್ದು, ಅಂಥ ಪ್ರಭಾವವೊಂದು ಇರುವುದೇ ಆದರೆ ಅದು ಕನಿಷ್ಠ ಇಷ್ಟು ವೇಗದ್ದಾಗಿರಬೇಕು ಎಂದು. ಆ ‘ಆದರೆ’ಯನ್ನು ತಾವು ನುಂಗಿದಿರಿ. ತಾಯಿ ತನ್ನ ಕಣವನ್ನು ಅಳೆದಾಗ ಏನು ಬರಬೇಕೆಂಬುದು ಅವಳ ಕೈಯಲ್ಲಿಲ್ಲ. ಮಗಳಿಗೂ ಬರುವುದು ಗೊತ್ತುಗುರಿಯಿಲ್ಲದ ಎಡ, ಬಲ, ಬಲ, ಎಡ. ಇಬ್ಬರ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಹೊಂದಾಣಿಕೆ ಕಾಣುತ್ತದೆ, ಆ ಪಟ್ಟಿಯನ್ನು ಕಳಿಸಲು ಮತ್ತದೇ 4.24 ವರ್ಷ ಬೇಕು. ಕಣವನ್ನು ನಕಲು ಮಾಡಿ ಈ ತೊಡಕನ್ನು ದಾಟಬಹುದೆಂದು ಹಿಂದೊಬ್ಬರು ಸೂಚಿಸಿದ್ದರು. ಅಪರಿಚಿತ ಕ್ವಾಂಟಂ ಸ್ಥಿತಿಯನ್ನು ನಕಲು ಮಾಡಲಾಗದೆಂದು ವೂಟರ್ಸ್ ಮತ್ತು ಝುರೆಕ್ ಒಂದೆಡೆ, ಡೀಕ್ಸ್ ಇನ್ನೊಂದೆಡೆ 1982ರಲ್ಲೇ ತೋರಿಸಿ ಆ ಬಾಗಿಲನ್ನೂ ಮುಚ್ಚಿದರು.

ಘಟಪ್ರಭಾ
‘ಕನಿಷ್ಠ ಇಷ್ಟು ವೇಗ’ ಎಂದು ತಾವೇ ಬರೆದಿರಿ, ಧನ್ಯವಾದಗಳು. ಇದಲ್ಲದೆ 2011ರಲ್ಲಿ ಜಿನೀವಾ ಬಳಿಯ ಕಣ ಪ್ರಯೋಗಾಲಯ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೊಗೆ ಸುಮಾರು 730 ಕಿಲೋಮೀಟರ್ ಸಾಗಿದ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮೊದಲೇ ತಲುಪಿದ್ದವು.

ಖಾನಾಪುರ ಮಳೆ
ತಲುಪಿರಲಿಲ್ಲ. ಆಪ್ಟಿಕಲ್ ಫೈಬರ್ ಕೇಬಲೊಂದು ಸಡಿಲಾಗಿತ್ತೆಂದು ಮರುವರ್ಷ ಆ ಪ್ರಯೋಗದವರೇ ಹೇಳಿದರು. ನಮ್ಮ ಓಣಿಯಲ್ಲೂ ಮಳೆ ಬಂದರೆ ಇಂಥದ್ದೇ ಆಗುತ್ತದೆ, ಆದರೆ ಟಿವಿ ಮುಂಚೆ ಬರುವುದಿಲ್ಲ.

ಬಾದಾಮಿ ಕೆಂಗಲ್ಲು
ಇಬ್ಬರೂ ಯಂತ್ರದ ಬಗ್ಗೆ ಜಗಳಾಡುತ್ತಿದ್ದೀರಿ. ಕಥೆಗಾರನ ನಿಜವಾದ ತೊಡಕು ಯಂತ್ರವಲ್ಲ, ‘ಆ ಕ್ಷಣವೇ’ ಎಂಬ ಪದ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ದೂರದ ಎರಡು ಘಟನೆಗಳು ಒಂದೇ ಹೊತ್ತಿನಲ್ಲಿ ನಡೆದವೇ ಎಂಬುದಕ್ಕೆ ವೇಗವಾಗಿ ಚಲಿಸುವವನ ಉತ್ತರ ಬೇರೆ, ನಿಂತವನ ಉತ್ತರ ಬೇರೆ. ಪ್ರತಿಯೊಬ್ಬರ ಫೋನೂ ಅವರವರ ‘ಈಗ’ಕ್ಕೆ ತಕ್ಕಂತೆ ಕೆಲಸ ಮಾಡುವುದಾದರೆ, ವೇಗವಾಗಿ ಹೋಗುತ್ತಿರುವ ಬಾಹ್ಯಾಕಾಶ ಹಡಗಿನ ಮೂಲಕ ಉತ್ತರವನ್ನು ಪ್ರಶ್ನೆಗಿಂತ ಮೊದಲೇ ಅಥಣಿಗೆ ತಲುಪಿಸಬಹುದು. ಬೆನ್‌ಫರ್ಡ್, ಬುಕ್ ಮತ್ತು ನ್ಯೂಕೂಂಬ್ 1970ರಲ್ಲಿ, ಬೆಳಕಿಗಿಂತ ವೇಗವಾಗಿ ಓಡುತ್ತವೆಂದು ಊಹಿಸಿದ ಟ್ಯಾಕಿಯಾನ್ ಕಣಗಳ ಬಗ್ಗೆ ಬರೆದಾಗ ಎತ್ತಿದ ಆಕ್ಷೇಪವೂ ಇದೇ.

ಇದರಿಂದ ಪಾರಾಗುವ ದಾರಿಯೊಂದಿದೆ. ಇಡೀ ವಿಶ್ವಕ್ಕೆ ಒಂದೇ ‘ಈಗ’ ಇದೆ, ಫೋನು ಅದಕ್ಕೆ ಮಾತ್ರ ಬಾಗುತ್ತದೆ ಎಂದು ಕಥೆಯಲ್ಲಿ ಕಟ್ಟುಮಾಡಿದರೆ ಉತ್ತರ ಎಂದಿಗೂ ಪ್ರಶ್ನೆಗಿಂತ ಮೊದಲು ಮರಳುವುದಿಲ್ಲ. ಆ ‘ಈಗ’ವನ್ನು ಮಹಾಸ್ಫೋಟದಿಂದ ಉಳಿದು ಎಲ್ಲೆಡೆ ಹರಡಿರುವ ವಿಶ್ವದ ಹಿನ್ನೆಲೆ ವಿಕಿರಣಕ್ಕೆ ಕಟ್ಟಬಹುದು, ಅದಕ್ಕೆ ಹೋಲಿಸಿದರೆ ನಮ್ಮ ಸೌರವ್ಯೂಹ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ಚಲಿಸುತ್ತಿದೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಬೆಳಕಿನ ಸಂಕೇತದಿಂದ ಹೊಂದಿಸಿದ ಗಡಿಯಾರಗಳಿಗೂ ಈ ‘ಈಗ’ಕ್ಕೂ ಪ್ರಾಕ್ಸಿಮಾದಷ್ಟು ದೂರದಲ್ಲಿ ಬರುವ ವ್ಯತ್ಯಾಸ ಹೆಚ್ಚೆಂದರೆ ಎರಡು ದಿನ. ಅಂದರೆ ಅವ್ವ ನಾಗರ ಪಂಚಮಿಯ ದಿನ ಕರೆ ಮಾಡಿದರೆ ಮಗಳ ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬ ನಿನ್ನೆಯೇ ಮುಗಿದಿರಬಹುದು. ನನಗಂತೂ ಫೋನಿಗಿಂತ ಆ ಕ್ಯಾಲೆಂಡರಿನಲ್ಲಿ ಹೆಚ್ಚು ಕಥೆ ಕಾಣುತ್ತದೆ.

ಗುಮ್ಮಟದ ಪಿಸುಮಾತು
‘ಇಡೀ ವಿಶ್ವಕ್ಕೆ ಒಂದೇ ಈಗ’ ಎಂದರೆ ಐನ್‌ಸ್ಟೈನರನ್ನು ಮನೆಗೆ ಕಳಿಸಿದಂತೆ. ಇದನ್ನು ವಿಜ್ಞಾನ ಕಥೆ ಎನ್ನಬಾರದು.

ಬಾದಾಮಿ ಕೆಂಗಲ್ಲು
ಕಳಿಸುತ್ತಿದ್ದೇನೆ ಎಂದು ಬಹಿರಂಗವಾಗಿ ಹೇಳಿಯೇ ಕಳಿಸುತ್ತಿದ್ದೇನೆ ಸರ್. ‘ಹೆಣೆದುಕೊಂಡ ಕಣ’ ಎನ್ನುವ ಕಥೆಗಾರರು ಅವರನ್ನು ಹಿತ್ತಲ ಬಾಗಿಲಿನಿಂದ ಕಳಿಸುತ್ತಾರೆ.

ಖಾನಾಪುರ ಮಳೆ
ಅಷ್ಟಕ್ಕೂ ಆ ಕ್ಷಣವೇ ಮಾತಾಡಬೇಕೆಂಬ ಹಟ ಏಕೆ? ನಮ್ಮ ಸೋದರಮಾವ ಫೌಜಿನಲ್ಲಿ ಲೇಹ್ ಕಡೆ ಇದ್ದಾಗ ನೀಲಿ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು. ಅಂಚು ಹರಿಯದಂತೆ ಅಜ್ಜಿ ಅದನ್ನು ಊದಿನಕಡ್ಡಿಯಿಂದ ಬಿಡಿಸುತ್ತಿದ್ದಳು. ಎಮ್ಮೆ ಈದಿತೇ ಎಂದು ಕೇಳಿದ ಪತ್ರ ಕೈಸೇರಿದಾಗ ಕರು ಅಂಗಳದಲ್ಲಿ ಹುಲ್ಲು ಕಡಿಯುತ್ತಿತ್ತು. ಆದರೂ ಅಜ್ಜಿ ಪತ್ರದ ಕಡೆ ಬಾಗಿ ‘ಈದೈತಿ, ಹೆಣ್ಗರ’ ಎಂದು ಉತ್ತರ ಕೊಟ್ಟಳು. 4.24 ವರ್ಷದ ವಿಳಂಬವನ್ನು ಕಥೆಗಾರರು ಏಕೆ ಬಿಟ್ಟುಕೊಡಬೇಕು?

ಘಟಪ್ರಭಾ
ಪತ್ರದ ಕಥೆ ಬೇಕಾದವರು ಪತ್ರದ ಕಥೆ ಬರೆಯಲಿ. ಇಲ್ಲಿನ ಪ್ರಶ್ನೆ ಚಪ್ಪಲಿಯ ಉಪಮೆ ತಪ್ಪೋ ಸರಿಯೋ ಎಂಬುದು. ಮಾಸ್ತರರು ಇನ್ನೂ ಉತ್ತರಿಸಿಲ್ಲ.

ಟಿಳಕವಾಡಿ ಓದುಗ
ಪ್ರಶ್ನೆ ಅದಾಗಿರಲಿಲ್ಲ, ಕೇಳಿದವನು ನಾನು. ಇರಲಿ. ಕಥೆಗಾರರಿಗೆ ಇದನ್ನೆಲ್ಲ ಓದಿ ಹೇಳಿದೆ. ಫೋನಿನ ಸಾಲನ್ನು ತೆಗೆಯುವುದಿಲ್ಲವಂತೆ, ಕ್ಯಾಲೆಂಡರನ್ನು ಮಾತ್ರ ಸೇರಿಸಿಕೊಳ್ಳುತ್ತಾರಂತೆ.

ಗುಮ್ಮಟದ ಪಿಸುಮಾತು
ಸಂದೇಶ ಹೋಗುವುದಿಲ್ಲ ಎಂಬುದನ್ನು ತೋರಿಸಲು ಉಪಮೆ ಸಾಕಾಗುತ್ತದೆ, ಅದನ್ನು ಹಿಂತೆಗೆದುಕೊಳ್ಳುವುದಿಲ್ಲ. ‘ಕೊಲ್ಹಾಪುರಿ’ ಎಂದಿದ್ದ ಕಡೆ ‘ಅಥಣಿ’ ಎಂದು ಓದಿಕೊಳ್ಳಬೇಕು.

ಘಟಪ್ರಭಾ
ಅಥಣಿಯದಾದರೂ ಹೊಲಿಗೆ ಇದ್ದೇ ಇರುತ್ತದೆ.